ಬಿಹಾರದ ಹುಡುಗನಿಗೆ ಬಿಡದ ಜ್ವರ, ಗುಲ್ಮ ಹೊಕ್ಕುಳವರೆಗೆ ಬಂದಿದೆ. ಯಾರಿಗಾದರೂ ಅನುಭವ ಉಂಟಾ?

ಪೆರ್ಲದ_ತೋಟ
ನಮಸ್ಕಾರ. ಸ್ವಲ್ಪ ಉದ್ದ ಉಂಟು, ಓದಿ ಹೇಳಿ. ನಮ್ಮ ತೋಟದ ಕೆಲಸಕ್ಕೆ ಬಿಹಾರದ ಒಬ್ಬ ಹುಡುಗ ಬರುತ್ತಾನೆ, 22 ವರ್ಷ. ಮೊದಲು ಕೆಂಪುಕಲ್ಲಿನ ಕೋರೆಯಲ್ಲಿದ್ದ. ನವರಾತ್ರಿ ಹೊತ್ತಿಗೆ ಶುರುವಾದ ಜ್ವರ ಇನ್ನೂ ಬಿಟ್ಟಿಲ್ಲ. ಏರುತ್ತದೆ, ಬೆವರಿ ಇಳಿಯುತ್ತದೆ, ಪುನಃ ಏರುತ್ತದೆ. ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ಇಲಿಜ್ವರ ಇಲ್ಲ. ವಿಡಾಲ್ ರಕ್ತಪರೀಕ್ಷೆ ಪಾಸಿಟಿವ್ ಅಂತ ಟೈಫಾಯ್ಡಿನ ಇಂಜೆಕ್ಷನ್ ಪೂರ್ತಿ ಹಾಕಿಸಿದೆವು. ಏನೂ ಪ್ರಯೋಜನ ಆಗಲಿಲ್ಲ.

ಈಗ ಅಂಗಿ ಜೋತಾಡುವಷ್ಟು ಸಣಕಲಾಗಿದ್ದಾನೆ, ಹೊಟ್ಟೆ ಮಾತ್ರ ಮುಂದೆ. ಸ್ಕ್ಯಾನಿಂಗಿನಲ್ಲಿ ಗುಲ್ಮ 19 ಸೆಂಟಿಮೀಟರ್. ಹಿಮೋಗ್ಲೋಬಿನ್ 7.2, ಬಿಳಿ ರಕ್ತಕಣ 2,100, ಪ್ಲೇಟ್‌ಲೆಟ್ 68,000. ಮಂಗಳೂರಿಗೆ ಕರೆದುಕೊಂಡು ಹೋದೆವು. ಬ್ಲಡ್ ಕ್ಯಾನ್ಸರ್ ಇರಬಹುದು, ಮೂಳೆಯೊಳಗಿನ ಮಜ್ಜೆ ಪರೀಕ್ಷೆ ಮಾಡಬೇಕು ಅಂದರು. ಅವನು ಹೆದರಿ ಬೇಡ ಅಂತಿದ್ದಾನೆ. ಕಂಟ್ರಾಕ್ಟರ್ ಆದರೆ ರೈಲು ಹತ್ತಿಸಿ ಊರಿಗೆ ಕಳಿಸಿಬಿಡಿ ಅಂತಾನೆ. ಎಂತ ಮಾಡುವುದು?

ಚಂದ್ರಗಿರಿ
ಬಿಹಾರದಲ್ಲಿ ಯಾವ ಜಿಲ್ಲೆ ಅಂತ ಕೇಳಿದ್ದೀರಾ?

ಕುಂಬಳೆ_ಕಾಕ
ಟೈಫಾಯ್ಡ್ ತಿರುಗಿ ಬಂದಿರಬೇಕು. ನಮ್ಮ ಪಕ್ಕದ ಮನೆಯವನಿಗೂ ಹೀಗೇ ಆಗಿತ್ತು. ಅಮೃತಬಳ್ಳಿ ಕಷಾಯ, ಬೆಳಿಗ್ಗೆ ಪಪ್ಪಾಯಿ ಎಲೆಯ ರಸ ಕೊಡಿ. ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ.

ಲ್ಯಾಬಿನ_ಅಕ್ಕ
ಕಾಕಾ, ದಯವಿಟ್ಟು ಬೇಡ. ಪ್ಲೇಟ್‌ಲೆಟ್ ಒಂದೇ ಇಳಿದದ್ದಲ್ಲ, ಮೂರೂ ಇಳಿದಿದೆ. ಕೆಂಪು, ಬಿಳಿ, ಪ್ಲೇಟ್‌ಲೆಟ್ ಒಟ್ಟಿಗೆ ಇಳಿದರೆ ಮಜ್ಜೆಯಲ್ಲೋ ಗುಲ್ಮದಲ್ಲೋ ಏನೋ ದೊಡ್ಡದು ನಡೆಯುತ್ತಿದೆ ಅಂತ ಅರ್ಥ. ಎಲೆಯ ರಸಕ್ಕೆ ಅದು ಬಗ್ಗುವುದಿಲ್ಲ.

ಇನ್ನು ಆ ವಿಡಾಲ್! ದಿನಾ ಮಾಡಿ ಮಾಡಿ ನನಗೆ ಅದರ ಮೇಲೆ ನಂಬಿಕೆಯೇ ಹೋಗಿದೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೂ, ಲಸಿಕೆ ಹಾಕಿಸಿದ್ದರೂ, ಬೇರೆ ಜ್ವರ ಇದ್ದರೂ ಪಾಸಿಟಿವ್ ಬರಬಹುದು. ಟೈಫಾಯ್ಡ್ ಖಾತ್ರಿ ಆಗಬೇಕಾದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್ ಕಳಿಸಬೇಕು. ನಮ್ಮ ಕಡೆ ಎಷ್ಟು ಜನ ಕಳಿಸುತ್ತಾರೆ?

ಪೆರ್ಲದಣ್ಣ, ಒಂದು ಕೆಲಸ ಮಾಡಿ. ಲಿವರ್ ಟೆಸ್ಟಿನ ಕಾಗದ ಇದ್ದರೆ ಟೋಟಲ್ ಪ್ರೋಟೀನ್, ಆಲ್ಬುಮಿನ್, ಗ್ಲೋಬ್ಯುಲಿನ್ ಎಷ್ಟು ಅಂತ ಬರೆಯಿರಿ.

ಪೆರ್ಲದ_ತೋಟ
@ಚಂದ್ರಗಿರಿ ಕೇಳಿದೆ. ಮುಜಫ್ಫರ್‌ಪುರ. ಹೋಳಿ ಹಬ್ಬಕ್ಕೆ ಊರಿಗೆ ಹೋಗಿ ಬಂದಿದ್ದ.
@ಲ್ಯಾಬಿನ_ಅಕ್ಕ ಪ್ರೋಟೀನ್ 9.1, ಆಲ್ಬುಮಿನ್ 2.6, ಗ್ಲೋಬ್ಯುಲಿನ್ 6.5. ಇದನ್ನು ಯಾರೂ ನೋಡಿದ ಹಾಗೆ ಕಾಣಲಿಲ್ಲ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳಿದ್ದು.

ಪಟ್ನಾ_ಟು_ಬದಿಯಡ್ಕ
ಮುಜಫ್ಫರ್‌ಪುರ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ಮದುವೆಗೆ ಮೊದಲು ನಾನು ಪಟ್ನಾದಲ್ಲಿ ನರ್ಸ್ ಆಗಿದ್ದೆ. ಇದು ಕಾಲಾ ಅಜಾರ್ ಇರಬಹುದು ಅಣ್ಣ, ಮರಳುನೊಣ ಕಚ್ಚಿ ಮೈಗೆ ಸೇರುವ ಪರೋಪಜೀವಿಯ ಜ್ವರ. ಅಲ್ಲಿ ಎರಡು ವಾರ ದಾಟಿದ ಜ್ವರ, ಗುಲ್ಮ ದೊಡ್ಡದು, ಮಲೇರಿಯಾ ಮದ್ದಿಗೂ ಆ್ಯಂಟಿಬಯಾಟಿಕ್‌ಗೂ ಬಗ್ಗಲಿಲ್ಲ ಅಂದರೆ ಮೊದಲು ಕೈ ಹಾಕುವುದೇ ಆರ್‌ಕೆ39 ಅನ್ನುವ ಅದರ ಟೆಸ್ಟ್ ಕಿಟ್‌ಗೆ. ಬೆರಳು ಚುಚ್ಚಿ ಒಂದು ಹನಿ ರಕ್ತ, ಹತ್ತು-ಹದಿನೈದು ನಿಮಿಷದಲ್ಲಿ ಗೆರೆ ಬರುತ್ತದೆ.

ಒಂದು ಪ್ರಶ್ನೆ. ಜ್ವರ ಇದ್ದರೂ ಊಟ ಮಾಡುತ್ತಾನಾ?

ಪೆರ್ಲದ_ತೋಟ
ಅದೇ ವಿಚಿತ್ರ! 102 ಜ್ವರದಲ್ಲೂ ಎದ್ದು ಓಡಾಡುತ್ತಾನೆ, ಗಂಜಿ ಬೇಡ, ರೊಟ್ಟಿ ಕೊಡಿ ಅಂತಾನೆ.

ಮುಳ್ಳೇರಿಯ_ಮಾಷ್ಟ್ರು
ಕಾಲಾ ಅಜಾರ್ ಬ್ರಿಟಿಷರ ಕಾಲದ ಕಾಯಿಲೆ ಅಲ್ವಾ? ಉಪೇಂದ್ರನಾಥ ಬ್ರಹ್ಮಚಾರಿ ಅಂತ ಕಲ್ಕತ್ತಾದ ಡಾಕ್ಟರು ಯೂರಿಯಾ ಸ್ಟಿಬಮೈನ್ ಮದ್ದು ಕಂಡುಹಿಡಿದು ಲಕ್ಷಗಟ್ಟಲೆ ಜನರನ್ನು ಉಳಿಸಿದರು ಅಂತ ಮಕ್ಕಳಿಗೆ ಪಾಠ ಮಾಡಿದ್ದೇನೆ. ಮುಗಿದುಹೋದದ್ದನ್ನು ಈಗ ಕಾಸರಗೋಡಿಗೆ ತರುವುದು ಯಾಕೆ? ಸುಮ್ನೆ ಗಾಬರಿ ಎಬ್ಬಿಸಬೇಡಿ. ಮಂಗಳೂರಿನ ದೊಡ್ಡ ಡಾಕ್ಟರೇ ಹೇಳದ್ದನ್ನು ನಾವು ಇಲ್ಲಿ ಕೂತು ಹೇಳುವುದಾ?

ಹಳೇ_ಸ್ಟೆತ್
ಮಾಷ್ಟ್ರೇ, ಮುಗಿದಿಲ್ಲ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಪೂರ್ವ ಭಾಗ, ಈ ನಾಲ್ಕು ಕಡೆ ಇನ್ನೂ ಉಂಟು. ತುಂಬಾ ಕಡಿಮೆ ಆಗಿದೆ, ಅದು ಹೌದು. 10,000 ಜನಕ್ಕೆ ವರ್ಷಕ್ಕೆ ಒಂದಕ್ಕಿಂತ ಕಡಿಮೆ ಕೇಸು ಅನ್ನುವುದೇ ನಿರ್ಮೂಲನೆಯ ಗುರಿ. ಅಂದರೆ ಗುರಿ ಮುಟ್ಟಿದ ಮೇಲೂ ಕೇಸು ಇರುತ್ತದೆ. ಆ ನಾಲ್ಕೂ ರಾಜ್ಯದ ಹುಡುಗರು ನಮ್ಮ ತೋಟ, ಕೋರೆ, ಹೋಟೆಲಲ್ಲಿ ಇದ್ದಾರೆ.

ಇನ್ನು ಬ್ರಿಟಿಷರ ಕಾಲದ ಮಾತು. ಆಗ ಇದು ದಕ್ಷಿಣದಲ್ಲೂ ಇತ್ತು. ಲೀಷ್ಮನ್ ಅನ್ನುವವರು ಕಲ್ಕತ್ತಾ ಹತ್ತಿರದ ದಮ್‌ದಮ್‌ನಲ್ಲಿದ್ದ ಸೈನಿಕನ ಗುಲ್ಮದಲ್ಲಿ ಈ ಪರೋಪಜೀವಿ ಕಂಡದ್ದನ್ನು 1903ರಲ್ಲಿ ಬರೆದರು. ಅದೇ ವರ್ಷ ಡೊನೊವನ್ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ಅದನ್ನೇ ಕಂಡರು. ಇಬ್ಬರ ಹೆಸರನ್ನೂ ಸೇರಿಸಿ ಲೀಷ್ಮೇನಿಯಾ ಡೊನೊವನಿ ಅಂತ ಇಟ್ಟವರು ಮಲೇರಿಯಾದ ರೊನಾಲ್ಡ್ ರಾಸ್.

ಈಗ ಹುಡುಗನ ವಿಷಯ. ವಾರಗಟ್ಟಲೆ ಜ್ವರ, ಕೆಲವರಿಗೆ ದಿನಕ್ಕೆ ಎರಡು ಸಲ ಏರುತ್ತದೆ. ಟೈಫಾಯ್ಡಿನವನ ಹಾಗೆ ಮಂಪರಿನಲ್ಲಿ ಬಿದ್ದಿರುವುದಿಲ್ಲ, ಊಟ ಸೇರುತ್ತದೆ, ಆದರೂ ಮೈ ಇಳಿಯುತ್ತದೆ. ಗುಲ್ಮ ವಾರ ವಾರ ಬೆಳೆಯುತ್ತದೆ, ಯಕೃತ್ತು ಅದಕ್ಕಿಂತ ಕಡಿಮೆ. ಮೂರೂ ರಕ್ತಕಣ ಇಳಿಯುತ್ತವೆ. ಆಲ್ಬುಮಿನ್ ಕಡಿಮೆ, ಗ್ಲೋಬ್ಯುಲಿನ್ ಜಾಸ್ತಿ. ಈ ಅದಲುಬದಲು ಸಿರೋಸಿಸ್, ಮೈಲೋಮಾದಲ್ಲೂ ಬರುತ್ತದೆ, ಆದರೆ ಉಳಿದ ಕಥೆಯ ಜೊತೆ ಸೇರಿಸಿ ನೋಡಿದರೆ ಕಾಲಾ ಅಜಾರನ್ನು ಬಿಡುವ ಹಾಗಿಲ್ಲ. ಕೊನೆಕೊನೆಗೆ ಮೂಗಲ್ಲಿ ರಕ್ತ, ನ್ಯುಮೋನಿಯಾ, ಕ್ಷಯ ಒಳಗೆ ನುಗ್ಗುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 95ಕ್ಕಿಂತ ಹೆಚ್ಚು ಜನ ಸಾಯುತ್ತಾರೆ.

ಮಂಗಳೂರಿನವರದ್ದು ತಪ್ಪು ಅಂತ ಹೇಳುತ್ತಿಲ್ಲ. ಲ್ಯುಕೇಮಿಯಾ, ಲಿಂಫೋಮಾ, ಕ್ಷಯ, ಬಹಳ ದಿನದ ಮಲೇರಿಯಾ, ಬ್ರುಸೆಲ್ಲಾ, ಎಲ್ಲವೂ ಪಟ್ಟಿಯಲ್ಲಿ ಇರಲೇಬೇಕು. ಊರು ಯಾವುದು ಅಂತ ಕೇಳದಿದ್ದರೆ ಈ ಒಂದು ಹೆಸರು ಪಟ್ಟಿಗೇ ಬರುವುದಿಲ್ಲ, ಅಷ್ಟೇ. ಮಜ್ಜೆ ಪರೀಕ್ಷೆಗೆ ಹುಡುಗನನ್ನು ಒಪ್ಪಿಸಿ. ಅದರ ಮೊದಲು ಕಿಟ್ ಟೆಸ್ಟ್ ಕೇಳಿ. ರೈಲು ಹತ್ತಿಸುವ ಮಾತು ಬೇಡವೇ ಬೇಡ, 68,000 ಪ್ಲೇಟ್‌ಲೆಟ್ ಇಟ್ಟುಕೊಂಡು ಅಷ್ಟು ದೂರ!

ಚಂದ್ರಗಿರಿ
ಡಾಕ್ಟ್ರೇ, ಇಷ್ಟು ದೊಡ್ಡ ಗುಲ್ಮ ಮೊದಲು ನೋಡಿದವರಿಗೆ ಕೈಗೆ ಸಿಗಲಿಲ್ಲವಾ?

ಹಳೇ_ಸ್ಟೆತ್
ದೊಡ್ಡದಾದಷ್ಟೂ ತಪ್ಪಿಹೋಗುವುದು ಉಂಟು. ಅವಸರದಲ್ಲಿ ಎಡಪಕ್ಕೆಲುಬಿನ ಕೆಳಗೆ ಮಾತ್ರ ಬೆರಳು ಒತ್ತಿದರೆ ನಾವು ಗುಲ್ಮದ ಮೇಲೆಯೇ ಕೈ ಇಟ್ಟಿರುತ್ತೇವೆ, ಅಂಚು ಸಿಗುವುದಿಲ್ಲ. ಬಲಗಡೆ ಕೆಳಹೊಟ್ಟೆಯಿಂದ ಶುರು ಮಾಡಿ, ರೋಗಿ ಉಸಿರು ಎಳೆದ ಹಾಗೆ ಹಾಗೆ ಮೇಲೆ ಎಡಕ್ಕೆ ಬರಬೇಕು. ಆಗ ಅಂಚು ಬಂದು ಬೆರಳಿಗೆ ತಾಗುತ್ತದೆ. ಅದರಲ್ಲೊಂದು ಕಚ್ಚು ಸಿಕ್ಕಿದರೆ ಗುಲ್ಮವೇ ಸರಿ. ಪಕ್ಕೆಲುಬಿನ ಅಂಚಿನಿಂದ ಎಷ್ಟು ಸೆಂಟಿಮೀಟರ್ ಅಂತ ಟೇಪಿನಲ್ಲಿ ಅಳೆದು ಬರೆದಿಡಬೇಕು. ಮದ್ದು ಹಿಡಿಯಿತೋ ಇಲ್ಲವೋ ಅಂತ ಆಮೇಲೆ ಆ ಅಳತೆಯೇ ಹೇಳುತ್ತದೆ.

ಗಡಿಯವ
ನಾನು ಮೊದಲೇ ಹೇಳುತ್ತಿದ್ದೆ. ಹೊರಗಿನವರನ್ನು ತಂದು ತುಂಬಿಸಿ, ರೋಗವನ್ನೂ ಮನೆ ಬಾಗಿಲಿಗೆ ತಂದುಕೊಳ್ಳುವುದು. ಆ ಕೋರೆಯ ಶೆಡ್ಡು ನೋಡಿದ್ದೀರಾ? ನಾಳೆ ನಮ್ಮ ಮಕ್ಕಳಿಗೆ ಹರಡಿದರೆ?

ಪಟ್ನಾ_ಟು_ಬದಿಯಡ್ಕ
ಅಣ್ಣಾ, ಮುಟ್ಟಿದರೆ, ಒಟ್ಟಿಗೆ ಉಂಡರೆ, ಕೆಮ್ಮಿದರೆ ಇದು ಬರುವುದಿಲ್ಲ. ಮರಳುನೊಣ ಕಚ್ಚಬೇಕು. ನಾನು ವಾರ್ಡಿನಲ್ಲಿ ಇವರ ಜೊತೆಯೇ ಇದ್ದವಳು.

ಶೆಡ್ಡು ನೋಡಿದ್ದೀರಾ ಅಂತ ಕೇಳಿದ್ದು ಮಾತ್ರ ಸರಿ. ನೆಲ ತೇವ, ಗೋಡೆ ಬಿರುಕು, ಪಕ್ಕದಲ್ಲೇ ದನದ ಹಟ್ಟಿ. ಅಂಥ ಜಾಗದಲ್ಲಿ ಅವರನ್ನು ಮಲಗಿಸಿದ್ದು ಯಾರು?

ಲ್ಯಾಬಿನ_ಅಕ್ಕ
👏

ಚಂದ್ರಗಿರಿ
ಮರಳುನೊಣ ಅಂದರೆ ಹೊಳೆಬದಿ ಹೊಯ್ಗೆಯಲ್ಲಿ ಇರುತ್ತದಾ? ನಮ್ಮಲ್ಲಿ ಹೊಯ್ಗೆಗೆ ಬರ ಇಲ್ಲ.

ಹಳೇ_ಸ್ಟೆತ್
ಹೊಯ್ಗೆಗೂ ಇದಕ್ಕೂ ಸಂಬಂಧ ಇಲ್ಲ. ಹಟ್ಟಿಯ ಹತ್ತಿರದ ತೇವದ ಮಣ್ಣು, ಮಣ್ಣುಗೋಡೆಯ ಬಿರುಕು ಇದರ ಜಾಗ. ಎರಡು ಮೂರು ಮಿಲಿಮೀಟರ್ ಇರುತ್ತದೆ, ಸದ್ದಿಲ್ಲ. ದೂರ ಹಾರುವುದಿಲ್ಲ, ಕುಪ್ಪಳಿಸುತ್ತದೆ. ಕೂತಾಗ ರೆಕ್ಕೆ ಮೇಲೆತ್ತಿ ಕೂರುತ್ತದೆ. ಸಾದಾ ಸೊಳ್ಳೆಪರದೆಯ ತೂತಿನಲ್ಲಿ ನುಸುಳಿ ಬರಬಹುದು.

ಈ ನೊಣ ದಕ್ಷಿಣದಲ್ಲೂ ಉಂಟು. ತಿರುವನಂತಪುರದ ಕಡೆ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರಲ್ಲಿ ಚರ್ಮದ ಲೀಷ್ಮೇನಿಯಾ ವರದಿಯಾಗಿದೆ, ಅದೂ ಡೊನೊವನಿಯಿಂದಲೇ. ಹಾಗಾಗಿ ಕೇರಳದಲ್ಲಿ ಇಲ್ಲವೇ ಇಲ್ಲ ಅನ್ನುವುದೂ ಸರಿಯಲ್ಲ, ನಾಳೆ ಊರಿಗೆಲ್ಲ ಹರಡುತ್ತದೆ ಅನ್ನುವುದೂ ಸರಿಯಲ್ಲ.

ದಮ್ಮಾಮ್_ಉಪ್ಪಳ
ಚರ್ಮದ್ದು ನನಗೆ ಗೊತ್ತು. ಇಲ್ಲಿ ಹತ್ತಿರದ ಅಲ್ ಅಹ್ಸಾ ಕಡೆ ಖರ್ಜೂರದ ತೋಟದಲ್ಲಿ ಕೆಲಸ ಮಾಡಿದ ನಮ್ಮ ರೂಮಿನವನಿಗೆ ಕೈಮೇಲೆ ಹುಣ್ಣಾಗಿ ತಿಂಗಳುಗಟ್ಟಲೆ ಒಣಗಲಿಲ್ಲ. ನೋವಿಲ್ಲ, ನಡುವೆ ಗುಳಿ, ಸುತ್ತ ದಪ್ಪ ಅಂಚು. ಡಾಕ್ಟರು ಲೀಷ್ಮೇನಿಯಾ ಅಂತಲೇ ಹೇಳಿದರು. ಅವನಿಗೂ ಇನ್ನು ಹೊಟ್ಟೆ ಊದುತ್ತದಾ?

ಹಳೇ_ಸ್ಟೆತ್
ಇಲ್ಲ. ಅಲ್ಲಿನದು ಸಾಮಾನ್ಯವಾಗಿ ಬೇರೆ ಜಾತಿ, ಲೀಷ್ಮೇನಿಯಾ ಮೇಜರ್. ಚರ್ಮದಲ್ಲೇ ಇದ್ದು ಕಲೆ ಬಿಟ್ಟು ಹೋಗುತ್ತದೆ. ಆದರೆ ಸೌದಿಯ ನೈರುತ್ಯ ಮೂಲೆಯಲ್ಲಿ, ಜಿಜಾನ್ ಕಡೆ, ಕಾಲಾ ಅಜಾರಿನ ಹಾಗೆ ಒಳಾಂಗದ್ದೂ ಉಂಟು. ಆ ಕಡೆಯಿಂದ ಬಂದವರಿಗೆ ದೀರ್ಘ ಜ್ವರ ಇದ್ದರೆ ಇದನ್ನೂ ಯೋಚಿಸಬೇಕು. ಬಿಹಾರದವರಿಗೆ ಮಾತ್ರ ಅಂಟಿಕೊಂಡ ಕಾಯಿಲೆ ಅಲ್ಲ.

ಕುಂಬಳೆ_ಕಾಕ
ಹಾಗಾದರೆ ಗಲ್ಫಿನಿಂದ ಬಂದವರನ್ನೂ ರೈಲು ಹತ್ತಿಸುವಾ ಗಡಿಯವರೇ? 😄

ಮುಳ್ಳೇರಿಯ_ಮಾಷ್ಟ್ರು
ಹುಡುಗ ಇಲ್ಲಿಗೆ ಬಂದು ಇಷ್ಟು ಸಮಯ ಆಯಿತಲ್ಲ. ಹೋಳಿ ಹಬ್ಬದಲ್ಲಿ ಕಚ್ಚಿದ ನೊಣಕ್ಕೆ ನವರಾತ್ರಿಯಲ್ಲಿ ಜ್ವರವಾ?

ಹಳೇ_ಸ್ಟೆತ್
ಸರಿಯಾದ ಪ್ರಶ್ನೆ ಮಾಷ್ಟ್ರೇ. ಸಾಮಾನ್ಯವಾಗಿ 2ರಿಂದ 6 ತಿಂಗಳು ಒಳಗೇ ಕೂತಿರುತ್ತದೆ, ವರ್ಷ ದಾಟಿ ಬಂದದ್ದೂ ಉಂಟು. ಹೋಳಿ ಮಾರ್ಚ್, ನವರಾತ್ರಿ ಅಕ್ಟೋಬರ್. ಅಸಾಧ್ಯ ಏನಲ್ಲ.

ಪಟ್ನಾ_ಟು_ಬದಿಯಡ್ಕ
ಊರು ಕೇಳಲಿಲ್ಲ ಅಂತ ಎಲ್ಲ ಹೇಳುತ್ತಿದ್ದೀರಿ. ಕೇಳುವುದು ಹೇಗೆ? ಹುಡುಗನಿಗೆ ಭೋಜ್‌ಪುರಿ ಇಲ್ಲವೇ ಬಜ್ಜಿಕಾ, ಕಂಟ್ರಾಕ್ಟರಿಗೆ ಅರ್ಧ ಹಿಂದಿ, ಒಪಿಯಲ್ಲಿ ಮಲಯಾಳ, ಮಂಗಳೂರಲ್ಲಿ ತುಳು ಕನ್ನಡ. "ಜ್ವರ ಎಷ್ಟು ದಿನ" ಅನ್ನುವುದರೊಳಗೆ ಟೋಕನ್ ಮುಗಿಯುತ್ತದೆ.

ಮುಳ್ಳೇರಿಯ_ಮಾಷ್ಟ್ರು
ಬಿಹಾರಿ ಬಿಡಿ, ನಮ್ಮ ಕಥೆ ಏನು? 1956ರಿಂದ ಕಾಸರಗೋಡನ್ನು ಕೇರಳಕ್ಕೆ ಸೇರಿಸಿಟ್ಟಿದ್ದಾರೆ, ಇವತ್ತಿಗೂ ಮಲಯಾಳದಲ್ಲಿ ಮಾತ್ರ ಇರುವ ಚೀಟಿ ಕೊಡುತ್ತಾರೆ. ನಮ್ಮ ಮನೆಯವಳ ಡಿಸ್ಚಾರ್ಜ್ ಸಲಹೆ ಓದಿಸಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಯಿತು. ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂತ ಕಾಗದದಲ್ಲಿ ಇದ್ದರೆ ಸಾಕಾ?

ಗಡಿಯವ
ಇದನ್ನು ನೂರಕ್ಕೆ ನೂರು ಒಪ್ಪುತ್ತೇನೆ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ಕಡೆಯ ಆಸ್ಪತ್ರೆಯೂ ಇಲ್ಲ, ಈ ಕಡೆಯ ಚೀಟಿಯೂ ಅರ್ಥ ಆಗುವುದಿಲ್ಲ ಅಂತ ಆಗಿತ್ತು.

ಚಂದ್ರಗಿರಿ
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಪುಣ್ಯಾತ್ಮರೇ. ಪೆರ್ಲದವರು ಎಲ್ಲಿ?

ಪೆರ್ಲದ_ತೋಟ
ಇಲ್ಲೇ ಇದ್ದೇನೆ, ಅಡಿಕೆ ಅಂಗಳದಿಂದ ಒಳಗೆ ಹಾಕುತ್ತಿದ್ದೆ. ಸುದ್ದಿ ಉಂಟು. ಇನ್ನೊಬ್ಬ ಡಾಕ್ಟರನ್ನು ಕಂಡೆವು, ಊರು ಹೇಳಿದ ಕೂಡಲೇ ಅವರೇ ಆರ್‌ಕೆ39 ಬರೆದರು. ಪಾಸಿಟಿವ್! ಮಜ್ಜೆ ಪರೀಕ್ಷೆ ತಪ್ಪಿತಲ್ಲ ಅಂತ ಹುಡುಗ ಖುಷಿಯಲ್ಲಿದ್ದಾನೆ.

ಆದರೆ ನಿನ್ನೆ ರಾತ್ರಿ ಅವನ ಅಮ್ಮನಿಗೆ ಫೋನ್ ಮಾಡಿಸಿದೆ. ಚಿಕ್ಕವನಿರುವಾಗ ಇದೇ ಜ್ವರ ಬಂದಿತ್ತಂತೆ. ಸರ್ಕಾರಿ ಆಸ್ಪತ್ರೆಯಿಂದ 28 ದಿನ ಕ್ಯಾಪ್ಸೂಲ್ ಕೊಟ್ಟಿದ್ದರಂತೆ, ಗುಣ ಆಗಿತ್ತಂತೆ. ಅವನಿಗೆ ನೆನಪೇ ಇಲ್ಲ.

ಲ್ಯಾಬಿನ_ಅಕ್ಕ
ಅಯ್ಯೋ. ಹಾಗಾದರೆ ಆ ಪಾಸಿಟಿವ್ ಗೆರೆಯನ್ನು ನಂಬಿ ಕೂರುವ ಹಾಗಿಲ್ಲ. ಆ ಕಿಟ್ ನೋಡುವುದು ಪರೋಪಜೀವಿಯನ್ನಲ್ಲ, ಅದರ ವಿರುದ್ಧ ನಮ್ಮ ಮೈ ತಯಾರಿಸಿದ ಪ್ರತಿಕಾಯವನ್ನು. ಗುಣವಾದ ಮೇಲೂ ವರ್ಷಗಟ್ಟಲೆ ಅದು ಉಳಿಯುತ್ತದೆ. ಮೊದಲ ಸಲದ ಕಾಯಿಲೆಗೆ, ಲಕ್ಷಣ ಎಲ್ಲ ಇದ್ದರೆ, ಕಿಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಮ್ಮೆ ಬಂದು ಹೋದವರಲ್ಲಿ ಹಳೆಯದೋ ಹೊಸದೋ ಅಂತ ಹೇಳುವುದಿಲ್ಲ.

ಹಳೇ_ಸ್ಟೆತ್
ಹೌದು. ಅಮ್ಮನಿಗೆ ಫೋನ್ ಮಾಡಿದ್ದು ಅತ್ಯಂತ ಒಳ್ಳೆಯ ಕೆಲಸ. ಆ ಕ್ಯಾಪ್ಸೂಲ್ ಮಿಲ್ಟೆಫೊಸಿನ್ ಇರಬೇಕು. ಈಗ ಪರೋಪಜೀವಿಯನ್ನೇ ಕಣ್ಣಾರೆ ನೋಡಬೇಕು, ಮಜ್ಜೆ ಪರೀಕ್ಷೆ ಆಗಲೇಬೇಕು. ಗುಲ್ಮದಿಂದ ಸೂಜಿಯಲ್ಲಿ ತೆಗೆದರೆ ಸಿಗುವುದು ಜಾಸ್ತಿ, ನೂರಕ್ಕೆ 93ರಿಂದ 99. ಆದರೆ ಒಳಗೆ ರಕ್ತಸ್ರಾವದ ಅಪಾಯ ಉಂಟು. ಪ್ಲೇಟ್‌ಲೆಟ್ 40,000ಕ್ಕಿಂತ ಮೇಲೆ ಇರಬೇಕು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿ ಇರಬೇಕು, ಮಾಡಿ ಅಭ್ಯಾಸ ಇದ್ದವರೇ ಮಾಡಬೇಕು. ಇಲ್ಲಿ ಮಜ್ಜೆಯೇ ವಾಸಿ. ಅದರಲ್ಲಿ ಕೆಲವರಿಗೆ ಸಿಗದೆಯೂ ಹೋಗುತ್ತದೆ, ಆಗ ಪರೋಪಜೀವಿಯ ಡಿಎನ್ಎ ಹುಡುಕುವ ಪಿಸಿಆರ್ ನೆರವಿಗೆ ಬರುತ್ತದೆ.

ಇನ್ನೊಂದು. ಎಚ್ಐವಿ ಪರೀಕ್ಷೆ ಮಾಡಿಸಿ. ಸಂಶಯದಿಂದ ಹೇಳುತ್ತಿಲ್ಲ, ಕಾಲಾ ಅಜಾರ್ ಇರುವ ಎಲ್ಲರಿಗೂ ಮಾಡಬೇಕು. ಸಾಮಾನ್ಯವಾಗಿ ಮರುಕಳಿಸುವುದು ಆರು ತಿಂಗಳು, ವರ್ಷದ ಒಳಗೆ. ಇಷ್ಟು ವರ್ಷದ ಮೇಲೆ ಬಂತು ಅಂದರೆ ಹೊಸ ಸೋಂಕು, ಇಲ್ಲವೇ ಪ್ರತಿರೋಧ ಶಕ್ತಿ ಕುಗ್ಗಿದೆ. ಎಚ್ಐವಿ ಇದ್ದರೆ ಕಿಟ್ ನೆಗೆಟಿವ್ ಆಗಿಯೂ ಮೋಸ ಮಾಡಬಹುದು. ಅಲ್ಲಿಯವರೆಗೆ ಜ್ವರಕ್ಕೆ ಅಂತ ಯಾರಾದರೂ ಸ್ಟೀರಾಯ್ಡ್ ಕೊಡಲು ಹೊರಟರೆ ತಡೆಯಿರಿ.

ಮುಳ್ಳೇರಿಯ_ಮಾಷ್ಟ್ರು
ಮೊದಲೆಲ್ಲ ಕಿಟ್ ಇಲ್ಲದೆ ಹೇಗೆ ಕಂಡುಹಿಡಿಯುತ್ತಿದ್ದರು?

ಹಳೇ_ಸ್ಟೆತ್
ಆಲ್ಡಿಹೈಡ್ ಟೆಸ್ಟ್ ಅಂತ ಇತ್ತು. ರಕ್ತದ ಸೀರಂಗೆ ಫಾರ್ಮಲಿನ್ ಒಂದೆರಡು ಹನಿ ಬಿಟ್ಟು ಕಾಯುವುದು. ಪಾಸಿಟಿವ್ ಆದರೆ ಕೊಳವೆಯೊಳಗೆ ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಕೊಳವೆ ತಲೆಕೆಳಗೆ ಮಾಡಿದರೂ ಬೀಳುವುದಿಲ್ಲ. ಪೆರ್ಲದವರ ಕಾಗದದಲ್ಲಿ ಕಂಡ 6.5 ಗ್ಲೋಬ್ಯುಲಿನ್ ಉಂಟಲ್ಲ, ಅದೇ ಅಲ್ಲಿ ಗಟ್ಟಿಯಾಗುವುದು. ಆದರೆ ಕಾಯಿಲೆ ಮೂರು ತಿಂಗಳಾದರೂ ಹಳತಾಗಬೇಕು, ಬೇರೆ ಕಾಯಿಲೆಯಲ್ಲೂ ಬರುತ್ತದೆ. ಅದಕ್ಕೇ ಮೂಲೆಗೆ ಸೇರಿತು.

ಲ್ಯಾಬಿನ_ಅಕ್ಕ
ಪೆರ್ಲದಣ್ಣ, ಮಜ್ಜೆ ಕಳಿಸುವಾಗ ಚೀಟಿಯಲ್ಲಿ "ಬಿಹಾರದವನು, ಕಾಲಾ ಅಜಾರ್ ಸಂಶಯ, ಎಲ್‌ಡಿ ಬಾಡಿ ನೋಡಿ" ಅಂತ ಡಾಕ್ಟರ ಕೈಯಲ್ಲಿ ಬರೆಸಿ. ಎಲ್‌ಡಿ ಬಾಡಿ ಅಂದರೆ ಲೀಷ್ಮನ್-ಡೊನೊವನ್ ಬಾಡಿ, ಅದೇ ಆ ಪರೋಪಜೀವಿ. "ಜ್ವರ, ಗುಲ್ಮ ದೊಡ್ಡದು" ಅಂತ ಮಾತ್ರ ಬರೆದರೆ ನೋಡುವವರು ಕ್ಯಾನ್ಸರ್ ಕಣ ಹುಡುಕಿ, ಇಲ್ಲ ಅಂತ ಬರೆದು ಮುಗಿಸಬಹುದು.

ಎಣ್ಣೆ ಲೆನ್ಸಿನಲ್ಲಿ ತಾಳ್ಮೆಯಿಂದ ನೋಡಬೇಕು. ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ದೊಡ್ಡ ಮ್ಯಾಕ್ರೋಫೇಜ್ ಕಣದ ಹೊಟ್ಟೆಯೊಳಗೆ ಮೊಟ್ಟೆಯಾಕಾರದ ಸಣ್ಣ ಸಣ್ಣ ಚುಕ್ಕೆ, 2ರಿಂದ 4 ಮೈಕ್ರಾನ್. ಪ್ರತಿಯೊಂದರಲ್ಲೂ ಎರಡು ಗುರುತು ಕಾಣಬೇಕು. ಒಂದು ದುಂಡು ನ್ಯೂಕ್ಲಿಯಸ್, ಪಕ್ಕದಲ್ಲಿ ಕಡ್ಡಿಯಂಥ ಕೈನೆಟೊಪ್ಲಾಸ್ಟ್. ಆ ಕಡ್ಡಿ ಕಾಣದಿದ್ದರೆ ಹಿಸ್ಟೊಪ್ಲಾಸ್ಮಾ ಅನ್ನುವ ಶಿಲೀಂಧ್ರ ಇರಬಹುದು, ಇಲ್ಲವೇ ಕಣದ ಮೇಲೆ ಬಿದ್ದ ಪ್ಲೇಟ್‌ಲೆಟ್ ಇರಬಹುದು.

ಕುಂಬಳೆ_ಕಾಕ
ಖರ್ಚು ಎಷ್ಟಾಗುತ್ತದೆ? ಪಾಪದ ಹುಡುಗ.

ಪಟ್ನಾ_ಟು_ಬದಿಯಡ್ಕ
ಸರ್ಕಾರಿ ಕಾರ್ಯಕ್ರಮದಲ್ಲಿ ಮದ್ದು ಪುಕ್ಕಟೆ ಕಾಕಾ. ಲೈಪೊಸೋಮಲ್ ಆಂಫೊಟೆರಿಸಿನ್, ಡ್ರಿಪ್ಪಿನಲ್ಲಿ. ಅಂಗಡಿಯಲ್ಲಿ ಕೊಂಡರೆ ಕೈ ಸುಡುತ್ತದೆ. ಹಾಗಾಗಿ ಜಿಲ್ಲಾ ಮೆಡಿಕಲ್ ಆಫೀಸಿಗೆ ತಿಳಿಸಿ, ತರಿಸಿಕೊಡಲು ಆಗುತ್ತದಾ ಅಂತ ಕೇಳಿ. ಹೊರರಾಜ್ಯದ ಕೆಲಸಗಾರರಿಗೆ ಕೇರಳ ಸರ್ಕಾರದ ಆವಾಜ್ ವಿಮೆ ಕಾರ್ಡ್ 2017ರಿಂದ ಉಂಟು. ಅವನ ಹತ್ತಿರ ಇದ್ದರೆ ಹುಡುಕಿಸಿ.

ಅಲ್ಲಿ ಮೊದಲ ಸಲದವರಿಗೆ ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ದಿನದ ಡ್ರಿಪ್. ಬೆಳಿಗ್ಗೆ ಸೇರಿಸಿದವರು ಮರುದಿನ ಮನೆಗೆ. ಇವನದ್ದು ಎರಡನೇ ಸಲ, ಡಾಕ್ಟರು ಬೇರೆ ಲೆಕ್ಕ ಹಾಕುತ್ತಾರೆ.

ಪೆರ್ಲದ_ತೋಟ
ಮಜ್ಜೆ ಆಯಿತು. ಸೊಂಟದ ಹಿಂದಿನ ಮೂಳೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆದರು. ಅವನು ಹೆದರಿದಷ್ಟು ಏನೂ ಆಗಲಿಲ್ಲ, ಎಳೆಯುವಾಗ ಒಮ್ಮೆ ಕೂಗಿದ ಅಷ್ಟೇ. ಚೀಟಿಯಲ್ಲಿ ಅಕ್ಕ ಹೇಳಿದ ಹಾಗೆ ಬರೆಸಿದ್ದೆ. ಎಲ್‌ಡಿ ಬಾಡಿ ಕಂಡಿದೆ. ಕ್ಯಾನ್ಸರ್ ಇಲ್ಲ, ಎಚ್ಐವಿ ನೆಗೆಟಿವ್. ಮದ್ದಿಗೆ ಡಾಕ್ಟರೇ ಜಿಲ್ಲಾ ಆಫೀಸಿಗೆ ಬರೆದಿದ್ದಾರೆ.

ಈಗ ಕಂಟ್ರಾಕ್ಟರದ್ದು ಹೊಸ ರಾಗ. ಶೆಡ್ಡಿನಲ್ಲಿರುವ ಎಲ್ಲರಿಗೂ ಕಿಟ್ ಟೆಸ್ಟ್ ಮಾಡಿಸಿ, ಪಾಸಿಟಿವ್ ಬಂದವರನ್ನು ತೆಗೆಯುತ್ತೇನೆ ಅಂತಾನೆ.

ಹಳೇ_ಸ್ಟೆತ್
ಖಂಡಿತ ಬೇಡ. ಆ ಊರುಗಳಲ್ಲಿ ಆರೋಗ್ಯವಾಗಿರುವವರಲ್ಲೂ ಕೆಲವರಿಗೆ ಪಾಸಿಟಿವ್ ಬರುತ್ತದೆ. ನೊಣ ಕಚ್ಚಿರುತ್ತದೆ, ಕಾಯಿಲೆ ಆಗಿರುವುದಿಲ್ಲ, ಹೆಚ್ಚಿನವರಿಗೆ ಆಗುವುದೂ ಇಲ್ಲ. ಅಂಥವರ ಅನ್ನ ಕಿತ್ತುಕೊಳ್ಳಲು ಈ ಕಿಟ್ ಅಲ್ಲ. ಎರಡು ವಾರ ದಾಟಿದ ಜ್ವರ ಯಾರಿಗಾದರೂ ಇದ್ದರೆ ಅವರನ್ನು ಮಾತ್ರ ಕಳಿಸಿ. ಮೊದಲು ಕಾಲಾ ಅಜಾರ್ ಬಂದು ಗುಣವಾದವರ ಮುಖ, ಕೈ, ಬೆನ್ನಿನ ಮೇಲೆ ಬಿಳಿಚಿದ ಮಚ್ಚೆ, ಗಂಟು ಇದ್ದರೆ ಅವರೂ ತೋರಿಸಲಿ. ಅದು ಪಿಕೆಡಿಎಲ್, ಕಾಲಾ ಅಜಾರ್ ಗುಣವಾದ ಮೇಲೆ ಚರ್ಮದಲ್ಲಿ ಕಾಣುವ ಕಾಯಿಲೆ. ಅವರಿಗೆ ಜ್ವರ ಇರುವುದಿಲ್ಲ, ಆರಾಮಾಗಿ ಓಡಾಡುತ್ತಾರೆ, ಆದರೆ ನೊಣಕ್ಕೆ ಪರೋಪಜೀವಿ ಸಿಗುವುದು ಅವರ ಚರ್ಮದಿಂದಲೂ. ಕುಷ್ಠ ಅಂತ ತಪ್ಪು ತಿಳಿಯುವುದು ಜಾಸ್ತಿ. ಇದರ ಮಚ್ಚೆಯಲ್ಲಿ ಸ್ಪರ್ಶ ಹೋಗಿರುವುದಿಲ್ಲ.

ನಿಮ್ಮ ಹುಡುಗನಿಗೂ ಅಷ್ಟೇ. ಮದ್ದು ಮುಗಿದು ಆರು ತಿಂಗಳಿಗೆ ತೂಕ, ಹಿಮೋಗ್ಲೋಬಿನ್, ಗುಲ್ಮದ ಅಳತೆ ನೋಡಿಸಿ. ಆಗ ಪುನಃ ಕಿಟ್ ಹಾಕಿ ಪಾಸಿಟಿವ್ ಬಂತು ಅಂತ ಗಾಬರಿಯಾಗಬೇಡಿ.

ಗಡಿಯವ
ಶೆಡ್ಡಿನ ನೆಲಕ್ಕೆ ಸಿಮೆಂಟ್ ಹಾಕಿಸಲು ಪಂಚಾಯತಿಗೆ ಅರ್ಜಿ ಕೊಡುವುದಾದರೆ ನಾನೂ ಸಹಿ ಹಾಕುತ್ತೇನೆ. ಅರ್ಜಿ ಕನ್ನಡದಲ್ಲಿ ಇರಲಿ.

ಮುಳ್ಳೇರಿಯ_ಮಾಷ್ಟ್ರು
ಕನ್ನಡದಲ್ಲಿ ನಾನು ಬರೆದುಕೊಡುತ್ತೇನೆ. ಕಂಟ್ರಾಕ್ಟರನ ಸಹಿ ಮೊದಲು ತೆಗೆದುಕೊಳ್ಳಿ.

ಕುಂಬಳೆ_ಕಾಕ
ಪೆರ್ಲದವರೇ, ಅಡಿಕೆ ಸುಲಿಯುವ ಜನ ನಿಮ್ಮ ಕಡೆ ಸಿಗುತ್ತಾರಾ? ನಮ್ಮಲ್ಲಿ ಯಾರೂ ಇಲ್ಲ.